ಸುಣ್ಣಕಲ್ಲಿನ ಹೊಂಡದ ಬಳಿ ನಾನು ಕೂಗಿದ ಮಾತು

ಭೂಗೋಳ ಹೇಳುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವಾಗ ಏನೇನು ಒಯ್ಯಬೇಕು ಸಾರ್ ಎಂದು ಕೇಳುತ್ತಾರೆ. ದಿಕ್ಸೂಚಿ, ನಕ್ಷೆ, ಹತ್ತಿ, ಟಿಂಚರ್, ಕುಡಿಯುವ ನೀರು ಎಂದು ಹೇಳುತ್ತೇನೆ. ಅವರು ಬರೆದುಕೊಂಡು, ಕಾಫಿ ಕುಡಿದು, ಕೈ ಮುಗಿದು ಹೋಗುತ್ತಾರೆ. ಹೇಳಬೇಕಾದದ್ದನ್ನು ಮಾತ್ರ ಒಬ್ಬರಿಗೂ ಹೇಳಿಲ್ಲ. ಬಾಯಲ್ಲಿ ಹೇಳಲು ಧೈರ್ಯ ಸಾಲದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ.

ನಮ್ಮದು ಕೊಯಮತ್ತೂರಿನ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಯಾವ ತಲೆಮಾರಿನಲ್ಲಿ ಇಲ್ಲಿಗೆ ಬಂದೆವು ಎಂದು ನಮ್ಮಜ್ಜನಿಗೂ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಬರುತ್ತಿದ್ದವನು ನಾನೊಬ್ಬನೇ, ಅದೂ ಮೈಸೂರಿನ ಸೋದರಮಾವನ ಮನೆಯಲ್ಲಿದ್ದು ಬಿ.ಎ. ಓದಿದ್ದರಿಂದ. ಐವತ್ತರ ದಶಕದ ನಡುವೆ ಊರಿನ ಒಂದು ಹೈಸ್ಕೂಲಿಗೆ ಭೂಗೋಳದ ಅಧ್ಯಾಪಕನಾಗಿ ಸೇರಿದೆ. ಪಾಠವೆಲ್ಲ ತಮಿಳಿನಲ್ಲಿ, ಹೆಡ್‌ಮಾಸ್ಟರಿಗೆ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ.

ಸೇರಿದ ದಿನವೇ ನನಗೆ ಮೊದಲ ಏಟು ಬಿತ್ತು. ಭೂಗೋಳದ ಸಾಮಾನುಗಳನ್ನು ತೋರಿಸಿ ಎಂದು ಕೇಳಿದರೆ ಪ್ಯೂನ್ ಒಂದು ಗ್ಲೋಬನ್ನು ತಂದು ಮೇಜಿನ ಮೇಲಿಟ್ಟ. ಅದರಲ್ಲಿ ದಕ್ಷಿಣ ಅಮೆರಿಕ ಇರಲಿಲ್ಲ! ಗೆದ್ದಲು ತಿಂದು ಅಲ್ಲೊಂದು ತೂತಾಗಿತ್ತು. ನನ್ನ ಹಿಂದಿನ ಮೇಷ್ಟರು ಆ ಖಂಡ ಬಂದಾಗಲೆಲ್ಲ ಗ್ಲೋಬನ್ನು ಆ ಕಡೆಗೆ ತಿರುಗಿಸದೆ ಹನ್ನೊಂದು ವರ್ಷ ಪಾಠ ಮಾಡಿದ್ದರಂತೆ. ನಾನೂ ಒಂದು ವರ್ಷ ಹಾಗೆಯೇ ಮಾಡಿದೆ, ಸುಳ್ಳು ಯಾಕೆ ಹೇಳಲಿ.

ಎರಡನೆಯ ಏಟು ಇನ್ಸ್‌ಪೆಕ್ಟರ್ ಬಂದಾಗ. ಫಿಫ್ತ್ ಫಾರ್ಮಿನ, ಎಂದರೆ ಹತ್ತನೆಯ ತರಗತಿಯ, ಹುಡುಗರು ಸುಣ್ಣಕಲ್ಲಿನ ಪ್ರದೇಶಗಳ ಪಾಠವನ್ನು ಗಿಣಿಗಳ ಹಾಗೆ ಒಪ್ಪಿಸಿದರು. ನೆಲದಡಿಯ ಗುಹೆಗಳು, ಮೇಲಿನಿಂದ ಇಳಿಬಿದ್ದ ಸುಣ್ಣದ ಕೊಂಬುಗಳು, ಮಾಯವಾಗುವ ನದಿಗಳು, ಒಂದೂ ತಪ್ಪಲಿಲ್ಲ. ಇನ್ಸ್‌ಪೆಕ್ಟರು ಸಂತೋಷಪಟ್ಟು, ನೀವು ಯಾರಾದರೂ ಸುಣ್ಣಕಲ್ಲನ್ನು ನೋಡಿದ್ದೀರಾ ಎಂದರು. ಮುಂದಿನ ಬೆಂಚಿನವನು ಎದ್ದು ನಿಂತು, "ಇಲ್ಲ ಸಾರ್, ಅದು ಯುಗೋಸ್ಲಾವಿಯಾದಲ್ಲಿ ಇರೋದು" ಎಂದ. ಇನ್ಸ್‌ಪೆಕ್ಟರು ತಮ್ಮ ಎಲೆ ಅಡಿಕೆ ಪೆಟ್ಟಿಗೆ ತೆರೆದು ಸುಣ್ಣದ ಡಬ್ಬಿಯನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದರು. ಇಡೀ ತರಗತಿ ಒಂದೇ ಕೊರಳಿನಲ್ಲಿ "ಸುಣ್ಣಾಂಬು" ಎಂದಿತು. ಪುಸ್ತಕದಲ್ಲಿ ಅಚ್ಚಾದ ಹೆಸರೇ ಸುಣ್ಣಾಂಬುಕ್ಕಲ್! ಹೆಸರನ್ನು ನೂರು ಸಲ ಬಾಯಿಪಾಠ ಮಾಡಿದವರಿಗೆ ಅದರೊಳಗಿನ ಸುಣ್ಣ ಕೇಳಿಸಿರಲಿಲ್ಲ. ಊರಿನಿಂದ ರೈಲು ಹತ್ತಿದರೆ ಅರ್ಧ ಗಂಟೆಯಲ್ಲಿ ಮದುಕ್ಕರೈ, ಅಲ್ಲಿಂದ ಪಾಲಕ್ಕಾಡಿನ ಕಡೆಗೆ ನೆಲವನ್ನು ಎಲ್ಲಿ ಕೆದಕಿದರೂ ಸುಣ್ಣಕಲ್ಲು. ನಾನು ನಾಚಿಕೆಯಿಂದ ನೆಲ ನೋಡುತ್ತಾ ನಿಂತಿದ್ದೆ. ಆ ಸಂಜೆಯೇ ಹುಡುಗರನ್ನು ಅಲ್ಲಿಗೆ ಕರೆದೊಯ್ಯುವುದೆಂದು ತೀರ್ಮಾನಿಸಿದೆ.

ನಮ್ಮ ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದರೆ ಅವರಿಗೆ ಇಂಗ್ಲಿಷ್ ವ್ಯಾಕರಣವೇ ದೇವರು. ಪ್ರವಾಸಕ್ಕೆ ಅನುಮತಿ ಕೇಳಿ ನಾನು ಬರೆದ ಅರ್ಜಿ ಮೂರು ಸಲ ಕೆಂಪು ಶಾಯಿ ಹಚ್ಚಿಸಿಕೊಂಡು ವಾಪಸ್ಸು ಬಂತು. ಎಲ್ಲಿಗೆ, ಯಾಕೆ, ಜೊತೆಗೆ ಇನ್ನೊಬ್ಬ ಮೇಷ್ಟರು ಇದ್ದಾರೆಯೇ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬೇಕಾಗುತ್ತಿತ್ತು. ಡ್ರಿಲ್ ಮಾಸ್ಟರಿಗೆ ಆ ಶನಿವಾರ ಮನೆಯಲ್ಲಿ ಏನೋ ವಿಶೇಷವಿತ್ತು. ಒಬ್ಬನೇ ಸಾಕು ಎಂದುಕೊಂಡೆ. ಇಪ್ಪತ್ತೆಂಟು ಹುಡುಗರಿಗೆ ಇಪ್ಪತ್ತಾರು ವರ್ಷದ ನಾನೊಬ್ಬ ಸಾಕು ಎಂದುಕೊಂಡ ಧೈರ್ಯವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ರೈಲಿನಲ್ಲಿ ಪಳನಿಸಾಮಿ ಎಂಬ ಹುಡುಗ ನನ್ನ ಪಕ್ಕಕ್ಕೆ ಬಂದು ಕೂತ. ಊರಾಚೆಯ ತೋಟದವನು, ಎತ್ತರದ ಆಳು, ತರಗತಿಯ ಹಿಂದಿನ ಬೆಂಚಿನ ರಾಜ. ಅಂಥ ತೋಟದ ಹುಡುಗರು ಕೊಂಗುನಾಡಿನ ದೊಡ್ಡ ಬಾವಿಗಳಲ್ಲೇ ಈಜು ಕಲಿತವರು. ಕಟ್ಟೆಯಿಂದ ಮೂರಾಳು ಕೆಳಗಿನ ನೀರಿಗೆ ತಲೆಕೆಳಗಾಗಿ ಹಾರುವುದು ಅವರಿಗೆ ಕಡಲೆ ತಿಂದಷ್ಟೇ ಸಲೀಸು.

"ಸಾರ್, ಅಂಗೆ ತಣ್ಣಿ ಇರುಕ್ಕಾಮೇ. ಕುಳಿಕ್ಕಲಾಮಾ ಸಾರ್?" ಎಂದ. ಅಲ್ಲಿ ನೀರಿದೆಯಂತೆ, ಸ್ನಾನ ಮಾಡಬಹುದಾ ಎಂದು.

"ಅಪ್ಪುರಂ ಪಾಕ್ಕಲಾಂ" ಎಂದೆ ನಾನು. ಆಮೇಲೆ ನೋಡೋಣ.

ಕೆಲಸಕ್ಕೆ ಹೊಸದಾಗಿ ಸೇರುವ ನೀವು ಇದೊಂದನ್ನು ಗುಂಡಿಗೆಯಲ್ಲಿ ಇಟ್ಟುಕೊಳ್ಳಿ. ಆಮೇಲೆ ನೋಡೋಣ ಎಂದರೆ ಮೇಷ್ಟರ ಲೆಕ್ಕದಲ್ಲಿ ಇಲ್ಲ ಎಂದು ಅರ್ಥ, ಹುಡುಗರ ಲೆಕ್ಕದಲ್ಲಿ ಹೂಂ ಎಂದು ಅರ್ಥ. ಆ ಒಂದು ಮಾತು ರೈಲಿನ ಡಬ್ಬಿಯಿಂದ ಡಬ್ಬಿಗೆ ಹರಡಿ, ಮದುಕ್ಕರೈ ಬರುವ ಹೊತ್ತಿಗೆ ಇಪ್ಪತ್ತೆಂಟು ಮಂದಿಯೂ ನನ್ನ ಬಾಯಿಂದ ಅಪ್ಪಣೆ ಬೀಳುವುದನ್ನು ಕಾಯುತ್ತಿದ್ದರು. ನನಗೆ ಅದು ಗೊತ್ತೇ ಇರಲಿಲ್ಲ.

ಸ್ಟೇಷನ್ನಿನಿಂದ ಒಂದು ಗಂಟೆ ನಡೆದು, ಹಳೆಯ ಕಾಲದಲ್ಲಿ ಸುಣ್ಣ ಸುಡುವವರು ಕಲ್ಲು ತೆಗೆದು ಬಿಟ್ಟುಹೋಗಿದ್ದ ಬಯಲಿಗೆ ಬಂದೆವು. ಪಕ್ಕದಲ್ಲೇ ಒಂದು ಕಾಳವಾಯಿ, ಎಂದರೆ ಸುಣ್ಣದ ಗೂಡು, ಹೊಗೆಯಾಡುತ್ತಿತ್ತು. ಮಾರಾತ್ತಾ ಎಂಬ ಹೆಂಗಸು ಅದನ್ನು ನೋಡಿಕೊಳ್ಳುತ್ತಿದ್ದಳು. ಮುಖ, ಕೂದಲು, ಸೀರೆ ಎಲ್ಲ ಸುಣ್ಣದ ಧೂಳು. ಆಕೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಕಲ್ಲನ್ನು ನೋಡೋಕೂ ರೈಲು ಹತ್ತಿ ಬರುತ್ತಾರಾ ಎಂದು ಬೆರಗಾದಳು.

ಪಾಠ ಚೆನ್ನಾಗಿಯೇ ಶುರುವಾಯಿತು. ಕಲ್ಲಿನ ಮೇಲೆ ಆಸಿಡ್ ಹಾಕಿ ನೊರೆ ತೋರಿಸುವುದು ಪುಸ್ತಕದ ರೀತಿ. ನಮ್ಮ ಕೆಮಿಸ್ಟ್ರಿ ಮೇಷ್ಟರು ಭೂಗೋಳಕ್ಕೆ ಆಸಿಡ್ ಯಾಕ್ರೀ ಎಂದು ಸೀಸೆ ಕೊಟ್ಟಿರಲಿಲ್ಲ. ಹಾಗಾಗಿ ನಿಂಬೆಹಣ್ಣು ತಂದಿದ್ದೆ. ಚಾಕುವಿನಿಂದ ಕಲ್ಲನ್ನು ಹೆರೆದು, ಆ ಪುಡಿಯ ಮೇಲೆ ರಸ ಹಿಂಡಿದಾಗ ಸಣ್ಣ ಗುಳ್ಳೆಗಳು ಎದ್ದವು. ಒಬ್ಬೊಬ್ಬನೂ ಕಿವಿಯಿಟ್ಟು ಸುಯ್ ಎನ್ನುವುದನ್ನು ಕೇಳಿದ. ಇಬ್ಬರು ನನಗೆ ಕಾಣದ ಹಾಗೆ ಉಳಿದ ನಿಂಬೆಗೆ ಉಪ್ಪು ಸವರಿ ತಿಂದರು. ಕಲ್ಲನ್ನು ಒಡೆದಾಗ ಒಳಗೆ ಸಕ್ಕರೆಯ ಹರಳಿನ ಹಾಗೆ ಮಿನುಗುವುದನ್ನು ನೋಡಿ ಪಳನಿಸಾಮಿ ಒಂದು ಚೂರನ್ನು ಜೇಬಿಗೆ ಇಳಿಸಿದ.

"ಗುಹೆ ಎಲ್ಲಿ ಸಾರ್?" ಎಂದು ಕೇಳಿದವನು ರಾಮಲಿಂಗ.

ಇವನ ವಿಷಯ ಹೇಳಬೇಕು. ಊರಾಚೆಯ ಗಣಪತಿ ಎಂಬ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಹುಡುಗ. ಸಣಕಲು, ಮಾತು ಕಡಿಮೆ, ಈಜು ಬಾರದು. ಅವನ ಅಪ್ಪ ನಂಜಪ್ಪನೂ ನೇಕಾರರೇ, ಮನೆಮಾತು ಕನ್ನಡವೇ. ಇಡೀ ತರಗತಿಯಲ್ಲಿ ಕನ್ನಡದ ಹುಡುಗ ಅವನೊಬ್ಬ. ಸ್ಕೂಲಿನಲ್ಲಿ ನಾವಿಬ್ಬರೂ ಒಮ್ಮೆಯೂ ಕನ್ನಡದಲ್ಲಿ ಮಾತಾಡಿರಲಿಲ್ಲ. ರಾಜ್ಯಗಳನ್ನು ಭಾಷೆಯ ಮೇಲೆ ಹಂಚುತ್ತಿದ್ದ ಕಾಲ ಅದು, ಸ್ಟಾಫ್ ರೂಮಿನಲ್ಲಿ ಯಾರಾದರೂ ತಮಾಷೆಗೆ ನಿಮ್ಮ ಗಂಟುಮೂಟೆ ಯಾವಾಗ ಕಟ್ಟುತ್ತೀರಿ ಎಂದು ಕೇಳಿದರೆ ನಗುತ್ತಾ ಸುಮ್ಮನಿರುತ್ತಿದ್ದೆ. ಅವನೂ ತನ್ನ ಗೆಳೆಯರ ನಡುವೆ ಹಾಗೆಯೇ ಸುಮ್ಮನಿರುತ್ತಿದ್ದ.

ಇಲ್ಲಿ ಗುಹೆಗಳಿಲ್ಲ, ಮಳೆ ಕಡಿಮೆ, ಕಲ್ಲು ಭೂಮಿಯೊಳಗೆ ಕಾದು ಗಟ್ಟಿಯಾಗಿ ಹರಳುಗಟ್ಟಿದೆ, ನೀರಿಗೆ ಸುಲಭವಾಗಿ ಕರಗುವುದಿಲ್ಲ ಎಂದು ಅವನಿಗೆ ವಿವರಿಸಿದೆ. ಹಾಗಾದರೆ ಪುಸ್ತಕದಲ್ಲಿ ಅದನ್ನು ಯಾಕೆ ಬರೆದಿಲ್ಲ ಸಾರ್ ಎಂದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ನಾನು ನಕ್ಷೆಯನ್ನು ಕಲ್ಲಿನ ಮೇಲೆ ಹರಡಿ ಬಗ್ಗಿದೆ. ಬಗ್ಗಿದವನು ತಲೆ ಎತ್ತಿದಾಗ ಹುಡುಗರು ನನ್ನ ಸುತ್ತ ಇರಲಿಲ್ಲ.

ಇನ್ನೂರು ಹೆಜ್ಜೆ ಆಚೆಗೆ ಹಳೆಯ ಕಲ್ಲುಹೊಂಡ ಇತ್ತು. ಅಂಚಿನಲ್ಲಿ ಸಾಲಾಗಿ ನಿಂತು ಅವರು ಕೆಳಗೆ ನೋಡುತ್ತಿದ್ದರು. ನಾನು ಓಡಿದೆ. ಹತ್ತಿರ ಬಂದಂತೆ ನನಗೂ ಕಾಣಿಸಿತು. ಗೋಡೆ ಕಡಿದ ಹಾಗೆ ನೇರವಾಗಿ ಇಳಿದ ಬಿಳಿ ಬಂಡೆ, ತಳದಲ್ಲಿ ಹಸಿರು ನೀರು. ಎಷ್ಟು ತಿಳಿ ಎಂದರೆ ತಳದ ಕಲ್ಲುಗಳನ್ನು ಎಣಿಸಬಹುದಾಗಿತ್ತು. ಅಂಥ ನೀರು ಸೊಂಟದ ಮಟ್ಟ ಎಂದು ಕಂಡರೆ ಮೂರಾಳು ಆಳ ಇರುತ್ತದೆ. ನನಗೆ ಈಜು ಬರುವುದಿಲ್ಲ. ಸಪ್ತಸಮುದ್ರಗಳ ಪಾಠ ಹೇಳುವ ನನಗೆ ಮೊಣಕಾಲಿನ ಮೇಲೆ ನೀರು ಬಂದರೆ ಉಸಿರು ಕಟ್ಟುತ್ತದೆ. ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಕುಳಿ! ಕುಳಿ! ಕುಳಿ!"

ಹುಡುಗರು ಹೋ ಎಂದು ಕಿರುಚಿದರು. ಶರ್ಟುಗಳು ಗಾಳಿಯಲ್ಲಿ ಹಾರಿದವು. ನನ್ನ ಕಣ್ಣೆದುರಿಗೇ ಒಬ್ಬರ ಹಿಂದೆ ಒಬ್ಬರು ಹೊಂಡಕ್ಕೆ ಧುಮುಕಿದರು.

ಆಗಿದ್ದು ಇಷ್ಟು. ನೇಕಾರರ ಮನೆಯಲ್ಲಿ ಮಗ್ಗದ ಕೆಳಗೆ ನೇಯುವವನು ಕಾಲು ಇಳಿಬಿಡಲು ಒಂದು ಗುಂಡಿ ಇರುತ್ತದೆ. ನಮ್ಮ ಮಾತಿನಲ್ಲಿ ಅದು ಕುಳಿ. ಅಂಬೆಗಾಲಿಡುವ ಮಗು ಆ ಕಡೆ ಹೊರಟರೆ ಅಜ್ಜಿ, ಅಮ್ಮ, ಅತ್ತೆ, ಮನೆಯಲ್ಲಿದ್ದವರೆಲ್ಲ ಕುಳಿ ಕುಳಿ ಎಂದು ಕೂಗುತ್ತಾರೆ. ನಡೆಯುವುದನ್ನು ಕಲಿಯುವ ಮೊದಲೇ ಆ ಕೂಗಿಗೆ ಹಿಂದೆ ಸರಿಯುವುದನ್ನು ಕಲಿತವರು ನಾವು. ನನಗೆ ಅಪಾಯ ಎಂದರೆ ಆ ಮಾತೇ. ಆದರೆ ತಮಿಳಿನಲ್ಲಿ ಕುಳಿ ಎಂದರೆ ಸ್ನಾನ ಮಾಡು. ಅಂದು ಬೆಳಿಗ್ಗೆಯಿಂದ ನನ್ನ ಅಪ್ಪಣೆಗೆ ಕಾಯುತ್ತಿದ್ದ ಹುಡುಗರಿಗೆ ಸಾರ್ ಓಡಿಬಂದು, ಕೈ ಬೀಸಿ, ಮೂರು ಸಲ ಗಟ್ಟಿಯಾಗಿ ಅಪ್ಪಣೆ ಕೊಟ್ಟಿದ್ದರು!

ಅಷ್ಟೂ ನನಗೆ ಆಗ ತಿಳಿಯಲಿಲ್ಲ. ಇವರಿಗೆಲ್ಲ ಹುಚ್ಚು ಹಿಡಿಯಿತೇ ಎಂದುಕೊಂಡೆ. ಕೆಳಗೆ ತಲೆಗಳು ಒಂದೊಂದಾಗಿ ಮೇಲೆ ಬಂದವು. ನಗುತ್ತಿದ್ದರು, ಒಬ್ಬರ ಮೇಲೊಬ್ಬರು ನೀರು ಎರಚುತ್ತಿದ್ದರು. ಈಜು ಬಾರದ ನಾಲ್ಕೈದು ಮಂದಿ ಮೇಲೆಯೇ ನಿಂತು ಕೇಕೆ ಹಾಕುತ್ತಿದ್ದರು. ನಾನು ಎಣಿಸಿದೆ. ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ. ಇಪ್ಪತ್ತೇಳು.

"ರಾಮಲಿಂಗ!" ಎಂದು ಅರಚಿದೆ.

ನೀರಾಟ ನಿಂತಿತು. ತಿಳಿನೀರಿನ ತಳದಲ್ಲಿ, ಬಂಡೆಯ ಒಂದು ಮೆಟ್ಟಿಲಿನ ಪಕ್ಕದಲ್ಲಿ ಬಿಳಿ ಅಂಗಿ ಕಾಣುತ್ತಿತ್ತು. ಅದು ಮೇಲಿನಿಂದ ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಎಂದರೆ ಕೈ ಚಾಚಿದರೆ ಸಿಗುತ್ತದೆ ಎನ್ನಿಸುತ್ತಿತ್ತು. ಪಳನಿಸಾಮಿ ಮುಳುಗಿದ. ಅವನು ಮೇಲೆ ಬರುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ. ಬಂದಾಗ ಅವನ ತೋಳಿನಲ್ಲಿ ರಾಮಲಿಂಗನ ಕುತ್ತಿಗೆ ಇತ್ತು. ಮಾರಾತ್ತಾ ಕಲ್ಲೆತ್ತುವ ಹಗ್ಗ, ಮಂಕರಿ ಹಿಡಿದು ಅಷ್ಟರಲ್ಲಿ ಓಡಿಬಂದಿದ್ದಳು. ಹುಡುಗರೆಲ್ಲ ಸೇರಿ ಮೇಲಕ್ಕೆ ಎಳೆದರು. ಆಕೆ ಹುಡುಗನನ್ನು ಬೋರಲು ಹಾಕಿ ಬೆನ್ನಿಗೆ ಮಂಡಿ ಕೊಟ್ಟು ಒತ್ತಿದಳು. ಬಾಯಿಂದ ನೀರು ಬಂತು, ಆಮೇಲೆ ಕೆಮ್ಮು, ಆಮೇಲೆ ಅಮ್ಮಾ ಎಂಬ ನರಳಿಕೆ. ಅವನ ಬಲಗಾಲು ತೊಡೆಯ ಹತ್ತಿರ ತಿರುಚಿಕೊಂಡಿತ್ತು.

ನಾನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಾ? ಏನೂ ಇಲ್ಲ. ನಿಂತಿದ್ದೆ.

ಮಾರಾತ್ತಾ ಎದ್ದು ನಿಂತು ನನ್ನ ಮುಖಕ್ಕೇ ಕೇಳಿದಳು. "ಏನ್ಯಾ ವಾದ್ಯಾರೇ, ಇದಿಲ ಪೋಯ್ ಕುಳಿಕ್ಕ ಸೊಲ್ಲುವಾಂಗಳಾ?" ಏನಯ್ಯಾ ಮೇಷ್ಟ್ರೇ, ಇದರೊಳಗೆ ಹೋಗಿ ಸ್ನಾನ ಮಾಡಿ ಅಂತ ಯಾರಾದರೂ ಹೇಳುತ್ತಾರಾ? ನಾನು ಹೇಳಿದ ಮಾತು ಅವರ ಕಿವಿಯಲ್ಲಿ ಏನಾಗಿತ್ತು ಎಂದು ನನಗೆ ಹೊಳೆದದ್ದು ಆಗ. ಅಲ್ಲೇ ಕೂತುಬಿಟ್ಟೆ.

ಸುಣ್ಣದ ಲಾರಿಯಲ್ಲಿ ಅವನನ್ನು ಊರಿನ ದೊಡ್ಡಾಸ್ಪತ್ರೆಗೆ ತಂದೆವು. ತೊಡೆಯ ಮೂಳೆ ಮುರಿದಿತ್ತು, ಜೀವಕ್ಕೆ ಅಪಾಯವಿಲ್ಲ ಎಂದರು. ಸೋಮವಾರ ಹೆಡ್‌ಮಾಸ್ಟರಿಗೆ ನನ್ನ ವರದಿ ಕೊಟ್ಟೆ. ಒಬ್ಬ ಹುಡುಗ ಸಾಯುವುದರಲ್ಲಿದ್ದ ಎಂದು ಬರೆದ ಆ ಕಾಗದವನ್ನು ಅವರು ಓದುತ್ತಾ ಓದುತ್ತಾ ಕೆಂಪು ಪೆನ್ನು ತೆಗೆದು ಎರಡು ಕಡೆ ಕ್ರಿಯಾಪದ ತಿದ್ದಿದರು! ನಾನು ದಂಗಾಗಿ ನೋಡುತ್ತಿದ್ದೆ. ಆದರೆ ಅವರು ತಿದ್ದದೆ ಬಿಟ್ಟ ಸಾಲೇ ಆ ವರದಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪಾಗಿತ್ತು. ಹುಡುಗರಿಗೆ ನೀರಿಗೆ ಇಳಿಯಲು ನಾನು ಹೇಳಲಿಲ್ಲ ಎಂದು ಬರೆದಿದ್ದೆ. ಅಕ್ಷರಕ್ಕೆ ಅಕ್ಷರ ನಿಜ. ಏನೆಂದು ಕೂಗಿದೆ ಎಂಬುದನ್ನು ಬರೆದಿರಲಿಲ್ಲ.

ಹೆಡ್‌ಮಾಸ್ಟರು ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆದರು. ಎಲ್ಲರೂ ಒಂದೇ ಮಾತು ಹೇಳಿದರು. ಸಾರ್ ಕುಳಿ ಎಂದರು, ಅದಕ್ಕೇ ಹಾರಿದೆವು. ಅವರು ನನ್ನ ಕಡೆ ತಿರುಗಿದರು. ನಾನು ಹಾಗೆ ಹೇಳಲಿಲ್ಲ ಎಂದೆ. ಕನ್ನಡದಲ್ಲಿ ಕೂಗಿದೆ ಎಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಊರೆಲ್ಲ ನಗುತ್ತದೆ, ತಮಿಳು ಹುಡುಗರಿಗೆ ಪಾಠ ಹೇಳಲು ಕನ್ನಡದವನು ಯಾಕೆ ಬೇಕಿತ್ತು ಎನ್ನುತ್ತಾರೆ ಎಂಬ ಭಯ. ತಂಗಿಯ ಮದುವೆಯ ಮಾತುಕತೆ ನಡೆದಿತ್ತು, ಅದೂ ಒಂದು ನೆಪ.

ಮಂಗಳವಾರ ಹೆಡ್‌ಮಾಸ್ಟರು ತಾವೇ ಆಸ್ಪತ್ರೆಗೆ ಹೋಗಿ ರಾಮಲಿಂಗನನ್ನು ಕೇಳಿದರು. ಅವನು ಹೇಳಿದ್ದನ್ನು ಬರೆದುಕೊಂಡು ಬಂದು ನನಗೆ ಓದಿ ತೋರಿಸಿದರು. "ನಾನೇ ಮೊದಲು ಬಿದ್ದೆ. ಸಾರ್ ಏನೂ ಹೇಳಲಿಲ್ಲ."

"ನೋಡಿದಿರಾ," ಎಂದರು ಹೆಡ್‌ಮಾಸ್ಟರು ತಮ್ಮ ತಮಿಳಿನಲ್ಲಿ, "ಇವನು ಮೊದಲು ಹಾರಿದ್ದಾನೆ. ಉಳಿದವರು ಕುರಿಗಳ ಹಾಗೆ ಹಿಂದೆ ಹಾರಿ, ಈಗ ನಿಮ್ಮ ಮೇಲೆ ಹೊರಿಸುತ್ತಿದ್ದಾರೆ. ಇವನಿಗೆ ಟಿ.ಸಿ. ಕೊಟ್ಟು ಕಳಿಸಿದರೆ ಎಲ್ಲ ಸರಿಹೋಗುತ್ತದೆ."

ಟಿ.ಸಿ. ಎಂದರೆ ಆ ಕಾಲದಲ್ಲಿ ಏನು ಎಂದು ನಿಮಗೆ ಹೇಳಬೇಕು. ಶಿಸ್ತು ತಪ್ಪಿದ್ದಕ್ಕೆ ಹೊರಗೆ ಹಾಕಿದ್ದೇವೆ ಎಂದು ಅದರಲ್ಲಿ ಬರೆದರೆ ಬೇರೆ ಯಾವ ಸ್ಕೂಲೂ ಒಳಗೆ ಬಿಡುತ್ತಿರಲಿಲ್ಲ. ನೇಕಾರರ ಮನೆಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದ ಹುಡುಗನ ಓದು ಅಲ್ಲಿಗೆ ಮುಗಿಯುತ್ತಿತ್ತು. ಇದು ನನಗೆ ಹೆಡ್‌ಮಾಸ್ಟರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಕೋಣೆಯಿಂದ ಎದ್ದು ಹೊರಗೆ ಬಂದೆ. ಬಂದಾಗ ನನಗೆ ಸಮಾಧಾನವಾಗಿತ್ತು! ಅದನ್ನು ಬರೆಯದೆ ಬಿಡಲು ನೋಡಿದೆ. ಆದರೆ ಆಗಿದ್ದು ಸಮಾಧಾನವೇ.

ಅವನು ಯಾಕೆ ಹಾಗೆ ಹೇಳಿದ ಎಂದು ತಿಳಿಯಲಿಲ್ಲ. ಬಹುಶಃ ನಿಜವಾಗಿಯೂ ಮೊದಲು ಹಾರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಈಜು ಬಾರದ ಹುಡುಗ ಯಾಕೆ ಹಾರುತ್ತಾನೆ ಎಂದು ಕೇಳಿಕೊಳ್ಳಲಿಲ್ಲ.

ಶುಕ್ರವಾರ ಸ್ಕೂಲು ಬಿಟ್ಟ ಮೇಲೆ ಪಳನಿಸಾಮಿ ನನ್ನ ಸೈಕಲ್ಲಿನ ಹತ್ತಿರ ನಿಂತಿದ್ದ. ಕಣ್ಣು ಕೆಂಪಾಗಿತ್ತು. "ಸಾರ್, ಒಂದು ವಿಷಯ," ಎಂದು ತಮಿಳಿನಲ್ಲಿ ಶುರುಮಾಡಿದ. "ರಾಮಲಿಂಗಂ ಹಾರಲಿಲ್ಲ ಸಾರ್. ನೀವು ಕುಳಿ ಅಂದ ತಕ್ಷಣ ಅವನು ನಮ್ಮ ಕಡೆ ತಿರುಗಿ ಎರಡೂ ಕೈ ಚಾಚಿ ಅಡ್ಡ ನಿಂತ. ಬೇಡ ಬೇಡ ಅಂತ ಏನೋ ನಿಮ್ಮ ಭಾಷೆಯಲ್ಲಿ ಕೂಗಿದ. ನಾನು ಕಬಡ್ಡಿ ಆಟ ಆಡ್ತಾ ಇದ್ದಾನೆ ಅಂದ್ಕೊಂಡೆ. ಓಡಿಬಂದವನು ಅವನಿಗೆ ಡಿಕ್ಕಿ ಹೊಡೆದೆ. ಅವನು ಹಿಂದಕ್ಕೆ ಬಿದ್ದ ಸಾರ್. ನಾನೇ ತಳ್ಳಿದ್ದು."

ನಾನು ಸೈಕಲ್ಲಿನ ಸೀಟನ್ನು ಹಿಡಿದುಕೊಂಡೆ. ಇಪ್ಪತ್ತೆಂಟು ಜನರಲ್ಲಿ ನನ್ನ ಕೂಗು ಅರ್ಥವಾದವನು ಒಬ್ಬನೇ. ನೀರಿನ ತಳಕ್ಕೆ ಹೋದವನೂ ಅವನೊಬ್ಬನೇ. ನಾನು ಏನು ಕೂಗಿದೆ ಎಂದು ಗೊತ್ತಿದ್ದೂ ಸಾರ್ ಏನೂ ಹೇಳಲಿಲ್ಲ ಎಂದವನೂ ಅವನೇ. ನನ್ನ ಕೆಲಸವನ್ನು ಉಳಿಸಲು ಮುರಿದ ಕಾಲಿನ ಹುಡುಗ ಆಸ್ಪತ್ರೆಯ ಮಂಚದ ಮೇಲೆ ಮಲಗಿ ಸುಳ್ಳು ಹೇಳಿದ್ದ.

ಆ ಕ್ಷಣವೇ ಹೆಡ್‌ಮಾಸ್ಟರ ಮನೆಗೆ ಓಡಿದೆ ಎಂದು ಬರೆಯಲು ನನಗೂ ಆಸೆ. ಓಡಲಿಲ್ಲ. ಯಾರಿಗೂ ಹೇಳಬೇಡ ಎಂದು ಪಳನಿಸಾಮಿಗೆ ಹೇಳಿ ಮನೆಗೆ ಹೋದೆ. ಶನಿವಾರ ಪಾಠ ಮಾಡಿದೆ. ಭಾನುವಾರ ಅಮ್ಮ ಬಡಿಸಿದ್ದನ್ನು ಉಣ್ಣಲಾರದೆ ಎದ್ದೆ. ಯಾಕಪ್ಪಾ ಹಿಂಗೆ ಸೊರಗಿದ್ದೀ ಎಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದೆ. ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಗುಮಾಸ್ತರು ರಾಮಲಿಂಗನ ಟಿ.ಸಿ.ಯ ಮೇಲೆ ಶಾಯಿ ಒತ್ತುವ ಕಾಗದ ಇಟ್ಟು ಅದುಮುವುದನ್ನು ಕಂಡೆ. ಆಮೇಲೆ ಕಾಲು ತಾನಾಗಿಯೇ ಒಳಗೆ ಹೋಯಿತು.

ಎಲ್ಲವನ್ನೂ ಹೇಳಿದೆ. ಮಗ್ಗದ ಕುಳಿ, ರೈಲಿನಲ್ಲಿ ನಾನು ಆಡಿದ ಮಾತು, ಪಳನಿಸಾಮಿಯ ಡಿಕ್ಕಿ, ಒಂದನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಗುಂಡಿ ಎನ್ನುವುದಕ್ಕೆ ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ ಮಾತಲ್ಲವೇನಯ್ಯಾ," ಎಂದರು ಕೊನೆಗೆ. "ನಾಲಿಗೆಯನ್ನು ಇನ್ನೊಂಚೂರು ಹಿಂದಕ್ಕೆ ಮಡಿಸಿ ಹೇಳಬೇಕು, ಅಷ್ಟೇ. ನಿಮ್ಮವರಿಗೆ ಆ ಅಕ್ಷರ ಹೊರಳುವುದಿಲ್ಲ. ಹೊರಳಿದ್ದರೆ ಒಬ್ಬನೂ ಹಾರುತ್ತಿರಲಿಲ್ಲ."

ಅಷ್ಟು ಹೊತ್ತಿನಲ್ಲೂ ಉಚ್ಚಾರಣೆಯನ್ನು ತಿದ್ದಿದರಲ್ಲ ಎಂದು ನಾನು ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದೆ. ಅವರು ಟಿ.ಸಿ.ಯನ್ನು ತರಿಸಿ ಅಡ್ಡಗೆರೆ ಎಳೆದರು. ಇನ್ನೊಂದು ಕಾಗದ ತೆಗೆದುಕೊಂಡು ನನ್ನನ್ನು ಕೆಲಸದಿಂದ ಬಿಡಿಸಿದ ಆದೇಶ ಬರೆದರು. ಒಬ್ಬನೇ ಹೋದದ್ದಕ್ಕೆ, ಜಾಗವನ್ನು ಮೊದಲು ನೋಡದೆ ಇದ್ದದ್ದಕ್ಕೆ, ವರದಿಯಲ್ಲಿ ನಿಜ ಮುಚ್ಚಿದ್ದಕ್ಕೆ. ಮೂರೂ ನ್ಯಾಯವೇ. ಮುಂದಿನ ವರ್ಷ ಉಡುಮಲೈಪೇಟೆಯ ಆಚೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಆ ಕಥೆ ಇಲ್ಲಿ ಬೇಡ.

ಅಲ್ಲಿಂದಾಚೆಗೆ ಹೊರಗೆ ಹೊರಡುವ ಮೊದಲು ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಕೇಳುತ್ತಿದ್ದೆ. ನಿಮ್ಮ ಮನೆಯಲ್ಲಿ ಗುಂಡಿಗೆ ಏನನ್ನುತ್ತೀರಿ, ನಿಲ್ಲು ಎಂದು ಹೇಗೆ ಕೂಗುತ್ತೀರಿ? ತಮಿಳು, ತೆಲುಗು, ಮಲಯಾಳ, ಸೌರಾಷ್ಟ್ರ, ಉರ್ದು, ಕನ್ನಡ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಎಲ್ಲರಿಂದಲೂ ಕೂಗಿಸುತ್ತಿದ್ದೆ. ಪಕ್ಕದ ತರಗತಿಯವರು ಬಂದು ಜಗಳ ಮಾಡುತ್ತಿದ್ದರು. ಜೊತೆಗೆ ಇನ್ನೊಬ್ಬ ಅಧ್ಯಾಪಕರಿಲ್ಲದೆ ಗೇಟು ದಾಟಲಿಲ್ಲ. ಆಮೇಲೆ ನೋಡೋಣ ಎಂಬ ಮಾತನ್ನು ಮತ್ತೆ ಯಾವ ಮಗುವಿಗೂ ಹೇಳಲಿಲ್ಲ.

ನಿಜ ಹೇಳಿದ ಆ ಸೋಮವಾರ ಸಂಜೆಯೇ ಗಣಪತಿಗೆ ಹೋದೆ. ಹುಡುಗನನ್ನು ಹಿಂದಿನ ದಿನ ಮನೆಗೆ ಕರೆತಂದಿದ್ದರು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರಿನ ಮಾವುಕಟ್ಟು, ಜಗುಲಿಯ ಮಂಚದ ಮೇಲೆ ಮಲಗಿಸಿದ್ದರು. ಅವನ ಅಪ್ಪ ನಂಜಪ್ಪ ನೇಯುವುದನ್ನು ನಿಲ್ಲಿಸಿ ಎದ್ದು ಬಂದು ಪಕ್ಕದಲ್ಲಿ ನಿಂತರು.

"ಟಿ.ಸಿ. ಇಲ್ಲ ಕಣಪ್ಪ," ಎಂದೆ. ಆ ಹುಡುಗನ ಹತ್ತಿರ ನಾನು ಆಡಿದ ಮೊದಲ ಕನ್ನಡ ಅದು. "ಕಾಲು ವಾಸಿ ಆದ್ಮೇಲೆ ಪಳ್ಳಿಕೂಡಕ್ಕೆ ಬಾ. ಹೆಡ್‌ಮಾಸ್ಟ್ರಿಗೆ ನಾನು ಎಲ್ಲಾ ಹೇಳ್ಬುಟ್ಟೆ."

ನಂಜಪ್ಪ ಕೈ ಮುಗಿದರು. "ನೀವು ಬಂದ್ರಲ್ಲ ವಾದ್ಯಾರೇ, ಅದೇ ಸಾಕು," ಎಂದರು. ನಾನು ಏನು 'ಎಲ್ಲಾ' ಹೇಳಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಕೂತು ಅವರಿಗೂ ಹೇಳಿದೆ. ಅವರು ಕೈ ಇಳಿಸಿದರು.

ರಾಮಲಿಂಗ ನನ್ನನ್ನೇ ನೋಡುತ್ತಿದ್ದ.

"ನೀನ್ಯಾಕೆ ಹಂಗೆ ಹೇಳ್ದೆ?" ಎಂದು ಕೇಳಿದೆ. "ನಾನು ಕೂಗಿದ್ದು ನಿಂಗೆ ಕೇಳಿಸ್ತಲ್ಲ. ಅರ್ಥಾನೂ ಆಯ್ತಲ್ಲ."

"ನಿಮ್ಮ ಕೆಲ್ಸ ಹೋಗ್ಬುಡ್ತದೆ ಅಂತ ಸಾ. ಅವತ್ತು ಹೆಡ್‌ಮಾಸ್ಟ್ರು ದಿಡೀರ್ನೆ ಬಂದ್ಬುಟ್ರು, ಏನ್ ಹೇಳೋದು ಅಂತ ತೋಚ್ಲಿಲ್ಲ." ಅವನು ಮಂಚದ ಅಂಚು ಹಿಡಿದು ತಲೆ ಎತ್ತಿದ. "ಆಮ್ಯಾಕೆ ನೀವೇ ಹೇಳ್ತೀರ ಅಂತ ಇದ್ದೆ. ಯಾಕ್ ಸಾ ಇಷ್ಟು ದಿವ್ಸ ಆಯ್ತು?"

"ಏಯ್!" ಎಂದರು ನಂಜಪ್ಪ. "ವಾದ್ಯಾರನ್ನ ಹಂಗೆಲ್ಲಾ ಕೇಳ್ತಾರೇನೋ?"

"ಕೇಳ್ಲಿ ಬುಡಿ," ಎಂದೆ. "ಹೆದ್ರಿಕೆ ಆಯ್ತು ಕಣಪ್ಪ. ಬೇರೆ ಏನೂ ಇಲ್ಲ. ಹೆದ್ರಿಕೆ."

ಅವನು ಅದನ್ನು ಒಪ್ಪಿಕೊಂಡ ಹಾಗೆ ತಲೆ ಆಡಿಸಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಅಂದ:

"ಎಷ್ಟು ದಿವ್ಸ ಕಾಯ್ಬೇಕು ಅಂತ ನಂಗೆ ಗೊತ್ತಿರ್ಲಿಲ್ಲ ಸಾ."